ಆಕ್ಷೇಪಣೆ

ತಿಕೋಟಾದಿಂದ ಆಚೆ, ಒಣದ್ರಾಕ್ಷಿ ಶೆಡ್ಡುಗಳ ನಡುವೆ
ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರ.
ಮಾರ್ಚ್ ಬಂತೆಂದರೆ ಊರಿಗೆ ಊರೇ ಗಂಧಕದ ವಾಸನೆ,
ನನಗೆ ಗುತ್ತಿಗೆ ಮುಗಿಯುವ ತಾರೀಖು.
ನಾಲ್ಕು ವರ್ಷದಲ್ಲಿ ನಾಲ್ಕು ಸಲ ಮುಗಿದಿದ್ದೇನೆ,
ಒಂದು ದಿನ ಬಿಟ್ಟು ಮತ್ತೆ ಹುಟ್ಟಿದ್ದೇನೆ.
ಆ ಒಂದು ದಿನವೂ ಬಂದು ಕೂತಿರುತ್ತೇನೆ,
ಹಾಜರಿ ಪುಸ್ತಕದಲ್ಲಿ ಮಾತ್ರ ಇರುವುದಿಲ್ಲ.

ಈ ಸಲ ಕಾಯಂ ಹುದ್ದೆಗೆ ಅರ್ಜಿ ಕರೆದರು.
ಗುಳಿಗೆ ಕೊಡುವ ದಸ್ತಗೀರಣ್ಣ ಕ್ಯಾಲೆಂಡರಿನ ಮೇಲೆ
ಗುಂಡಗೆ ಗೆರೆ ಎಳೆದ:
"ಇನ್ನ ಐವತ್ತೆಂಟ ದಿವ್ಸ ಮೇಡಂ. ಈ ಸಲ ಬಿಡಬ್ಯಾಡ್ರಿ."

ಹೆರಿಗೆ ಕೋಣೆಯ ಇನ್ವರ್ಟರ್ ಬೆಳಕಿನಲ್ಲಿ ಓದು.
ನಾಲ್ಕು ಸಾವಿರ ಪ್ರಶ್ನೆಗಳ ಪುಸ್ತಕ, ಬೆನ್ನಿಗೆ ಡ್ರಿಪ್ಪಿನ ಪಟ್ಟಿ.
ಒಂದು ಕಾಲಕ್ಕೆ ಬಾಯಿಪಾಠವಾಗಿದ್ದ ನರಗಳ ಹೆಸರು
ನಾಯಿ ಕಚ್ಚಿದವರ, ಬಿಪಿಯವರ, ಕಜ್ಜಿಯವರ ಸಾಲಿನಲ್ಲಿ
ಎಲ್ಲೋ ಚಪ್ಪಲಿ ಬಿಟ್ಟು ಹೋಗಿವೆ.
ಪಿಜಿ ಮುಗಿಸಿದ ಸುಗಂಧಾ ಫೋನಿನಲ್ಲಿ:
"ಇನ್ನೂ ಅಲ್ಲೇ ಅದೀಯೇನ?"
ಅಲ್ಲೇ ಅದೀನಿ.

ಇನ್ನು ಹದಿನೇಳು ದಿನ ಉಳಿದ ರಾತ್ರಿ
ಘಮಲಿಬಾಯಿ ಮಗನನ್ನು ಹೆಗಲ ಮೇಲೆ ಹೊತ್ತು ಬಂದಳು.
ಬಲೆಯ ಮೇಲೆ ದ್ರಾಕ್ಷಿ ತಿರುವುವಾಗ ಕೆಂಪು ಚೇಳು.
ಸೋಮ್ಲು, ಆರು ವರ್ಷ, ಹದಿನೇಳು ಕೆಜಿ.
ಅಂಗಿ ತೊಯ್ದಿತ್ತು. ಅಂಗಾಲು ಹರವಿಯ ತಳದಷ್ಟು ತಣ್ಣಗೆ.
ಎದೆ ಎಣಿಕೆಗೆ ಸಿಗದೆ ಓಡುತ್ತಿತ್ತು.
ನೂರಾ ಎಂಟು ಯಾರದೋ ಹೆರಿಗೆಗೆ ಹೋಗಿತ್ತು.

ಅಲ್ಲಿ ಎ, ಬಿ, ಸಿ, ಡಿ ಇರಲಿಲ್ಲ.
ಇದ್ದದ್ದು ಪ್ರಾಜೋಸಿನ್ ಗುಳಿಗೆಯ ಒಂದೇ ಪಟ್ಟಿ,
ದಸ್ತಗೀರಣ್ಣ ಮೂರು ಪತ್ರ ಬರೆದು ತರಿಸಿದ್ದು.
ಬ್ಲೇಡಿನಲ್ಲಿ ಸೀಳಿ ಅರ್ಧ ಕೊಟ್ಟೆ.
"ಎಬ್ಬಿಸಿ ಕೂಡ್ರಸಬ್ಯಾಡವ್ವ, ಮಲಗಿರ್ಲಿ," ಎಂದೆ ಹತ್ತು ಸಲ.
ಮೂರು ತಾಸಿಗೆ ಮತ್ತರ್ಧ.
ನಡುವೆ ಪುಸ್ತಕ ತೆರೆದು ಒಂದೇ ಪ್ರಶ್ನೆ ಏಳು ಸಲ ಓದಿದೆ.
ಅದು ಕಣ್ಣಿನದೋ ಕಿಡ್ನಿಯದೋ ಇವತ್ತಿಗೂ ಹೇಳಲಾರೆ.
ಒಂದು ಕೈ ಪುಟದ ಮೇಲೆ, ಇನ್ನೊಂದು ಅವನ ಪಾದದ ಮೇಲೆ.
ನಾಲ್ಕೂವರೆಗೆ, ಮೊದಲು ಹೆಬ್ಬೆರಳು,
ಬೆಚ್ಚಗಾಯಿತು.

ಪರೀಕ್ಷೆ ಬೆಳಗಾವಿಯಲ್ಲಿ, ಚಿಕ್ಕ ಮಕ್ಕಳ ಬೆಂಚಿನ ಮೇಲೆ.
ಬೆಂಡೋಲೆ ಬಿಚ್ಚಿಸಿ ಲಕೋಟೆಗೆ ಹಾಕಿಸಿದರು.
ಎಪ್ಪತ್ತಮೂರನೇ ಪ್ರಶ್ನೆ:
ಆರು ವರ್ಷದ ಗಂಡುಮಗು, ಕೆಂಪು ಚೇಳು,
ಬೆವರು, ತಣ್ಣನೆ ಕೈಕಾಲು. ಮೊದಲು ಕೊಡುವ ಔಷಧ?
ನಗು ಬಂತು. ಮೇಲ್ವಿಚಾರಕಿ ಕತ್ತೆತ್ತಿ ನೋಡಿದಳು.
'ಬಿ' ಎಂಬ ಸುತ್ತನ್ನು ಎಷ್ಟು ಒತ್ತಿ ತುಂಬಿದೆನೆಂದರೆ
ಹಾಳೆಯ ಬೆನ್ನಿಗೂ ಒಂದು ಉಬ್ಬು ಬಂತು.

ಹದಿನೈದು ದಿನಕ್ಕೆ ಕೀ ಉತ್ತರ.
ಎಪ್ಪತ್ತಮೂರು: ಎ.
ಒಂದು ಅಂಕ ಹೋಯಿತು, ಮೇಲೆ ಕಾಲು ಅಂಕ ದಂಡ.
ಆಕ್ಷೇಪಣೆಗೆ ಮೂರು ದಿನ, ಪ್ರಶ್ನೆಗೆ ಐವತ್ತು ರೂಪಾಯಿ.
ಆಧಾರ ಲಗತ್ತಿಸಿ. ಪಿಡಿಎಫ್ ಮಾತ್ರ.
ಎರಡು ಎಂಬಿ ಮೀರಬಾರದು.

ತಿಕೋಟಾದ ಝೆರಾಕ್ಸ್ ಅಂಗಡಿಯಲ್ಲಿ
ಪಠ್ಯಪುಸ್ತಕದ ಎರಡು ಪುಟ, ಒಂದು ಲೇಖನ ಸ್ಕ್ಯಾನ್ ಆದವು.
ರಸ್ತೆಯಾಚೆ ಸೋಮ್ಲು ಸೈಕಲ್ ಟಾಯರ್ ಹೊಡೆದುಕೊಂಡು ಬಂದ,
ಒಂದೇ ಕಾಲಿಗೆ ಚಪ್ಪಲಿ.
ನನ್ನ ಕಂಡು ಟಾಯರನ್ನು ಅದರ ಪಾಡಿಗೆ ಬಿಟ್ಟು
ಚಡ್ಡಿಯ ಕಿಸೆಯಿಂದ ಮುಷ್ಟಿ ತೆಗೆದು ಬಿಚ್ಚಿದ:
ಒಣದ್ರಾಕ್ಷಿ, ನೂಲು, ಮಣ್ಣು.

"ಮತ್ತೇನರ ಹಚ್ಚೂದೈತೇನ್ರಿ?" ಅಂಗಡಿಯ ಹುಡುಗ ಕೇಳಿದ.
ಹಚ್ಚಬಹುದಿತ್ತು. ಎರಡು ಎಂಬಿಯಲ್ಲಿ ಹಿಡಿಸುತ್ತಿರಲಿಲ್ಲ.
"ಇಷ್ಟ ಸಾಕಪಾ," ಎಂದೆ.

ಐವತ್ತು ರೂಪಾಯಿ ಕಟಾಯಿತು, ರಸೀದಿ ಬಂತು.
ಹಲ್ಲಿನ ನಡುವೆ ಮರಳು
ಕರಕರ ಅನ್ನುತ್ತಿತ್ತು.